ಗಾಳಿ, ನೆರೆ ಮತ್ತು ಕರೆಂಟ್: ಮುಂಬೈ, ಪುಣೆ, ಗೋವಾ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳ ಕೊನೆ ಬಂತೆಂದರೆ ಈ ಪ್ರಶ್ನೆಗಳೂ ಬರುತ್ತವೆ. ಕೇಳುವವರಲ್ಲಿ ಮಾಟುಂಗದ ಹೋಟೆಲಿನವರು, ಡೊಂಬಿವಿಲಿಯ ಸೊಸೈಟಿ ಸೆಕ್ರೆಟರಿಗಳು, ಚಾಕಣ್‌ನಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟವರು, ವಾಸ್ಕೋದ ಜುವಾರಿನಗರದಲ್ಲಿ ನೆಲೆಸಿದ ಉತ್ತರ ಕರ್ನಾಟಕದ ಮಂದಿ ಎಲ್ಲರೂ ಇದ್ದಾರೆ. ಎಲೆಕ್ಟ್ರಿಕಲ್ ಕೆಲಸವೇ ನನ್ನ ಕಸುಬು. ಸಂಘದ ಕಾರ್ಯಕ್ರಮಗಳಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಸುಲಭದ್ದು ಮೊದಲು, ದುಡ್ಡಿನ ಲೆಕ್ಕ ಆಮೇಲೆ.

## ಮೊದಲು ತಿಳಿಯಬೇಕಾದದ್ದು

ಮಳೆ ಜೋರಾದ ಕೂಡಲೇ ಕರೆಂಟ್ ತೆಗೀತಾರೆ. ಬೇಕಂತಲೇ ಮಾಡೋದಾ?

ಎಷ್ಟೋ ಸಲ ಹೌದು, ಬೇಕೆಂದೇ ತೆಗೆಯುತ್ತಾರೆ. ತೆಗೆಯಲೇಬೇಕು. ನಮ್ಮ ಹಳೆಯ ಕಟ್ಟಡಗಳಲ್ಲಿ ಮೀಟರ್ ರೂಮ್ ಇರುವುದು ನೆಲಮಹಡಿಯಲ್ಲಿ, ಮೆಟ್ಟಿಲ ಕೆಳಗೆ. ಕುರ್ಲಾ ಕಡೆಯ ಒಂದು ಕಟ್ಟಡದಲ್ಲಿ ಹಿಂದಿನ ನೆರೆಯ ಗುರುತು ಗೋಡೆ ಮೇಲೆ ಈಗಲೂ ಕಾಣುತ್ತದೆ. ಮೀಟರ್ ಬೋರ್ಡಿನ ಕೆಳಸಾಲು ಆ ಗೆರೆಗಿಂತ ಒಂದು ಗೇಣು ಕೆಳಗಿದೆ. ಅಂಥ ಕಡೆ ನೀರು ಏರುವಾಗ ಲೈನ್ ಜೀವಂತ ಇದ್ದರೆ ಆ ನೀರಿಗೆ ಕಾಲಿಟ್ಟವರು ಉಳಿಯುವುದು ಕಷ್ಟ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಆಗ ಉಪನಗರಗಳ ಎಷ್ಟೋ ಭಾಗಕ್ಕೆ ನೀರು ಇಳಿಯುವ ತನಕ ಕರೆಂಟ್ ಬರಲಿಲ್ಲ. 2024ರ ಜುಲೈ 25ರಂದು ಪುಣೆಯ ಡೆಕ್ಕನ್ ಹತ್ತಿರದ ಪುಲಾಚಿವಾಡಿಯಲ್ಲಿ ಮೂವರು ಯುವಕರು ನೆರೆ ನೀರಿನಲ್ಲಿ ತಮ್ಮ ತಳ್ಳುಗಾಡಿ ಸರಿಸಲು ಹೋಗಿ ಶಾಕ್ ಹೊಡೆದು ತೀರಿಕೊಂಡರು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಕಲಕುತ್ತದೆ. ನೀರು ನುಗ್ಗಿದ ಜಾಗದಲ್ಲಿ ಕರೆಂಟ್ ತೆಗೆದರೆ ದಯವಿಟ್ಟು ಬೈಯಬೇಡಿ. ಮೀಟರ್ ರೂಮನ್ನು ಎತ್ತರಕ್ಕೆ ಯಾಕೆ ಹಾಕಿಲ್ಲ ಎಂದು ಕೇಳಿ.

ಗ್ರಿಡ್ ಗ್ರಿಡ್ ಅಂತಾರಲ್ಲ, ನಮ್ಮನೆ ಲೈಟಿಗೂ ಅದಕ್ಕೂ ಏನು ಸಂಬಂಧ?

ಕರೆಂಟ್ ತಯಾರಾಗುವ ಜಾಗ ದೂರದಲ್ಲಿದೆ. ಅಲ್ಲಿಂದ 400 ಕಿಲೋವೋಲ್ಟ್, 220 ಕಿಲೋವೋಲ್ಟ್‌ನ ದೊಡ್ಡ ಲೈನುಗಳಲ್ಲಿ ಊರಿನ ಅಂಚಿಗೆ ಬರುತ್ತದೆ. ಊರೊಳಗೆ 33, 22 ಅಥವಾ 11 ಕಿಲೋವೋಲ್ಟ್‌ಗೆ ಇಳಿದು, ಕೊನೆಗೆ ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್‌ನಿಂದ 230 ವೋಲ್ಟ್ ಆಗಿ ಮನೆಗೆ ಬರುತ್ತದೆ. ಈ ಲೈನುಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡ ಬಲೆಯೇ ಗ್ರಿಡ್.

ದಕ್ಷಿಣದ ಬಲೆ ದೇಶದ ಉಳಿದ ಬಲೆಗೆ ಪೂರ್ತಿ ಸೇರಿದ್ದು 2013ರ ಡಿಸೆಂಬರ್ 31ರಂದು, ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟ್ ಲೈನಿನ ಮೂಲಕ. ಈಗ ಇಡೀ ದೇಶ 50 ಹರ್ಟ್ಜ್‌ನ ಒಂದೇ ತಾಳಕ್ಕೆ (ಕರೆಂಟ್ ಸೆಕೆಂಡಿಗೆ 50 ಸಲ ಸುತ್ತು ಹಾಕುವ ಲೆಕ್ಕ) ಓಡುತ್ತದೆ. ಲಾಭವೆಂದರೆ ಒಂದು ಕಡೆ ಕಮ್ಮಿ ಬಿದ್ದರೆ ಇನ್ನೊಂದು ಕಡೆಯಿಂದ ತರಬಹುದು. ಅಪಾಯವೆಂದರೆ ಒಂದು ಕಡೆಯ ಏಟು ದೂರಕ್ಕೂ ಹಬ್ಬಬಹುದು. 2012ರ ಜುಲೈ 30, 31ರಂದು ಉತ್ತರ, ಪೂರ್ವ, ಈಶಾನ್ಯ ಗ್ರಿಡ್‌ಗಳು ಬಿದ್ದು ಸುಮಾರು 60 ಕೋಟಿ ಜನ ಇರುವ ಪ್ರದೇಶಕ್ಕೆ ಕರೆಂಟ್ ಹೋಯಿತು. ಪಶ್ಚಿಮದ ಗ್ರಿಡ್ ಆ ಎರಡೂ ದಿನ ತಡೆದುಕೊಂಡಿತು.

ಮುಂಬೈಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಂಪನಿ ಬಿಲ್ ಬರುತ್ತಲ್ಲ, ಕಂಪ್ಲೇಂಟ್ ಯಾರಿಗೆ ಕೊಡೋದು?

ಬಿಲ್ಲಿನ ಮೇಲೆ ಇರುವ ಹೆಸರಿನವರಿಗೆ. ಕೊಲಾಬಾದಿಂದ ಮಾಹಿಮ್, ಸಯನ್ ತನಕ ಹೆಚ್ಚಾಗಿ ಬೆಸ್ಟ್, ಪಶ್ಚಿಮ ಉಪನಗರಗಳಲ್ಲಿ ಹೆಚ್ಚಾಗಿ ಅದಾನಿ, ಕೆಲವು ಕಡೆ ಟಾಟಾ, ಮುಲುಂಡ್, ಭಾಂಡೂಪ್, ಥಾಣೆ, ನವಿ ಮುಂಬೈಗೆ ಮಹಾವಿತರಣ. ಪುಣೆಯಲ್ಲೂ ಮಹಾವಿತರಣವೇ. ಗೋವಾದಲ್ಲಿ ಕಂಪನಿ ಇಲ್ಲ, ಸರ್ಕಾರದ ವಿದ್ಯುತ್ ಇಲಾಖೆಯೇ ನೇರ ಕೊಡುತ್ತದೆ.

ನಮಗೆ ಎರಡು ಗಂಟೆಗೆ ಬಂತು, ಶ್ರೀವರ್ಧನದ ಬೀಗರ ಮನೆಗೆ ಎಷ್ಟು ದಿನ ಆದ್ರೂ ಬರಲಿಲ್ಲ. ಯಾಕೆ ಈ ತಾರತಮ್ಯ?

2020ರ ಜೂನ್ 3ರಂದು ನಿಸರ್ಗ ಚಂಡಮಾರುತ ರಾಯಗಡ ಜಿಲ್ಲೆಯ ಕರಾವಳಿಗೆ ಬಡಿಯಿತು. ಮುಂಬೈಗೆ ಬಡಿಯುತ್ತದೆಂದು ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು. ಏಟು ತಿಂದದ್ದು ಅಲಿಬಾಗ್, ಮುರುಡ್, ಶ್ರೀವರ್ಧನ. ಅಲ್ಲಿ ತೆಂಗು, ಅಡಿಕೆ ಮರಗಳ ಜೊತೆ ಸಾವಿರಾರು ಕಂಬ ನೆಲಕ್ಕೊರಗಿದವು. ಕೆಲವು ಹಳ್ಳಿಗಳಿಗೆ ವಾರಗಟ್ಟಲೆ ಕರೆಂಟ್ ಇರಲಿಲ್ಲ.

ರಿಪೇರಿಗೆ ಒಂದು ಕ್ರಮ ಇದೆ. ಮೊದಲು ದೊಡ್ಡ ಲೈನು ಮತ್ತು ಸಬ್‌ಸ್ಟೇಷನ್. ಆಮೇಲೆ ಆಸ್ಪತ್ರೆ, ನೀರಿನ ಪಂಪು, ಮೊಬೈಲ್ ಟವರ್ ಇರುವ ಫೀಡರ್, ಅಂದರೆ ಸಬ್‌ಸ್ಟೇಷನ್‌ನಿಂದ ಬಡಾವಣೆಗಳಿಗೆ ಹೋಗುವ ಲೈನು. ಆಮೇಲೆ ಜಾಸ್ತಿ ಮನೆಗಳಿರುವ ಫೀಡರ್. ಹತ್ತು ಮನೆಗೆ ಹೋಗುವ ಲೈನು ಕಟ್ಟಕಡೆಗೆ. ಮುಂಬೈ ದ್ವೀಪದ ಭಾಗದಲ್ಲಿ ತಂತಿಗಳು ಬಹುಪಾಲು ನೆಲದೊಳಗಿವೆ, ಗಾಳಿಗೆ ಬೀಳಲು ಕಂಬಗಳೇ ಇಲ್ಲ. ಕೊಂಕಣದಲ್ಲಿ ಎಲ್ಲವೂ ಗಾಳಿಗೊಡ್ಡಿ ನಿಂತಿದೆ. ಈ ಕ್ರಮವನ್ನು ತಪ್ಪೆನ್ನಲು ಬರುವುದಿಲ್ಲ. ಆದರೆ ಪ್ರತಿ ಸಲ ಕೊನೆಗೆ ಉಳಿಯುವವರು ಅದೇ ಜನ. ಆ ಹೊರೆ ಅವರೊಬ್ಬರ ಮೇಲೇ ಬೀಳಬಾರದು.

## ಹೇಗೆ ಬೀಳುತ್ತದೆ, ಹೇಗೆ ನಿಲ್ಲುತ್ತದೆ

2020ರ ಅಕ್ಟೋಬರ್‌ನಲ್ಲಿ ಗಾಳಿನೂ ಇರಲಿಲ್ಲ, ಮಳೆನೂ ಇರಲಿಲ್ಲ. ಇಡೀ ಮುಂಬೈಗೆ ಕರೆಂಟ್ ಹೇಗೆ ಹೋಯ್ತು?

ಇದೊಂದನ್ನು ಅರ್ಥ ಮಾಡಿಕೊಂಡರೆ ಉಳಿದದ್ದು ಸುಲಭ.

ಮುಂಬೈ ಒಂದು ಕಡೆ ಸಮುದ್ರ, ಒಂದು ಕಡೆ ಖಾಡಿ ಇರುವ ಊರು. ಹೊರಗಿನಿಂದ ದೊಡ್ಡ ಲೈನು ಬರಲು ದಾರಿಗಳು ಕೆಲವೇ. ಅವುಗಳಲ್ಲಿ ಮುಖ್ಯವಾದದ್ದು ಪಡಘೆಯಿಂದ ಕಳವಾಕ್ಕೆ ಬರುವ 400 ಕಿಲೋವೋಲ್ಟ್ ಲೈನು. ಅಕ್ಟೋಬರ್ 12, ಸೋಮವಾರ ಬೆಳಗಾಗುವ ಹೊತ್ತಿಗೆ ಅದರ ಒಂದು ಸರ್ಕ್ಯೂಟ್ ಕೈಕೊಟ್ಟಿತ್ತು. ಹತ್ತು ಗಂಟೆ ಹತ್ತಿರವಾದಾಗ ಇನ್ನೊಂದೂ ಹೋಯಿತು. ಅವುಗಳ ಭಾರವೆಲ್ಲ ಉಳಿದ ಲೈನುಗಳ ಮೇಲೆ ಬಿತ್ತು. ಅಷ್ಟು ಭಾರ ಹೊರಲಾರದೆ ಅವೂ ಟ್ರಿಪ್ ಆದವು. ಕೆಲವೇ ನಿಮಿಷಗಳಲ್ಲಿ ಊರು ಹೊರಗಿನ ಗ್ರಿಡ್‌ನಿಂದ ಕಡಿದುಹೋಯಿತು.

ಇಂಥ ಹೊತ್ತಿಗೆಂದೇ ಮುಂಬೈಗೆ ಐಲ್ಯಾಂಡಿಂಗ್ ಎಂಬ ವ್ಯವಸ್ಥೆ ದಶಕಗಳಿಂದ ಇದೆ. ಹೊರಗೆ ಗಲಾಟೆಯಾದರೆ ಊರು ತಾನಾಗಿ ಬೇರ್ಪಟ್ಟು, ಟ್ರಾಂಬೆ ಮತ್ತು ಡಹಾಣುವಿನ ಉಷ್ಣ ಸ್ಥಾವರ, ಖೋಪೋಲಿ, ಭಿವಪುರಿ, ಭಿರಾದ ಜಲವಿದ್ಯುತ್ತಿನಿಂದ ಅಗತ್ಯ ಸೇವೆಗಳನ್ನು ನಡೆಸಬೇಕು. 2012ರ ಸುದ್ದಿ ಬಂದಾಗ ಎಷ್ಟೋ ಮುಂಬೈಕರರು "ನಮಗೆ ಐಲ್ಯಾಂಡಿಂಗ್ ಇದೆ" ಎಂದು ನೆಮ್ಮದಿಯಿಂದ ಇದ್ದರು. ಆದರೆ 2020ರಲ್ಲಿ ಊರೊಳಗೆ ಓಡುತ್ತಿದ್ದ ಸ್ಥಾವರಗಳ ಉತ್ಪಾದನೆ ಬೇಡಿಕೆಗೆ ಹೋಲಿಸಿದರೆ ತೀರಾ ಕಮ್ಮಿ ಇತ್ತು. ಬೇಡಿಕೆ ಹೆಚ್ಚು, ಉತ್ಪಾದನೆ ಕಮ್ಮಿಯಾದಾಗ 50 ಹರ್ಟ್ಜ್‌ನ ತಾಳ ಇಳಿಯುತ್ತದೆ. ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಯಂತ್ರ ಹಾಳಾಗದಿರಲು ಸ್ಥಾವರಗಳು ತಾವೇ ನಿಲ್ಲುತ್ತವೆ. ಹಾಗೆಯೇ ನಿಂತವು. ಲೋಕಲ್ ರೈಲುಗಳು ಹಳಿಗಳ ಮೇಲೇ ನಿಂತವು. ಕೋವಿಡ್ ಕಾಲ ಬೇರೆ, ಆಸ್ಪತ್ರೆಗಳು ಡೀಸೆಲ್‌ಗಾಗಿ ಓಡಾಡಿದವು. ರೈಲು ಮಧ್ಯಾಹ್ನದಿಂದ ಓಡತೊಡಗಿತು, ಕೆಲವು ಬಡಾವಣೆಗಳಿಗೆ ಕರೆಂಟ್ ಬರಲು ರಾತ್ರಿಯಾಯಿತು.

ಪ್ರಕೃತಿಯ ಕೋಪವಿಲ್ಲದ ದಿನವೇ ಹೀಗಾದರೆ, 2005ರಂಥ ಮಳೆಯ ದಿನ ಎರಡು ಲೈನು ಹೋದರೆ ಏನು ಗತಿ? ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು. ಬೇಸಿಗೆಯಲ್ಲಿ ಈಗ ಮುಂಬೈ ಬೇಡಿಕೆ 4,000 ಮೆಗಾವ್ಯಾಟ್ ದಾಟುತ್ತದೆ. ಆ ಸ್ಥಾವರಗಳೆಲ್ಲ ಪೂರ್ತಿ ಓಡಿದರೂ ಅದರ ಅರ್ಧ ಮುಟ್ಟುವುದು ಕಷ್ಟ. ಸಮಾಧಾನದ ವಿಷಯವೆಂದರೆ ದಶಕಕ್ಕೂ ಹೆಚ್ಚು ಕಾಲ ಬಾಕಿ ಇದ್ದ ಖಾರಘರ್–ವಿಕ್ರೋಳಿ 400 ಕಿಲೋವೋಲ್ಟ್ ಲೈನು 2023ರ ಅಕ್ಟೋಬರ್‌ನಲ್ಲಿ ಚಾಲೂ ಆಯಿತು. ಅದರಿಂದ ಹೆಚ್ಚುವರಿ 1,000 ಮೆಗಾವ್ಯಾಟ್ ತರಬಹುದು. ಇದು ಮೊದಲೇ ಆಗಿದ್ದರೆ ಅಂದಿನ ಕಥೆ ಬೇರೆ ಇರುತ್ತಿತ್ತು ಎಂದೇ ನನ್ನ ನಂಬಿಕೆ.

ಅದು ಚೀನಾದವರು ಹ್ಯಾಕ್ ಮಾಡಿದ್ದು ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜವಾ?

2021ರ ಫೆಬ್ರವರಿ ಕೊನೆಗೆ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆಯೊಂದರ ವರದಿ ಬಂತು. ರಾಜ್ಯದ ಆಗಿನ ಗೃಹಮಂತ್ರಿಯೂ ಸೈಬರ್ ದಾಳಿಯ ಸಾಧ್ಯತೆಯ ಮಾತಾಡಿದರು. ಕೇಂದ್ರದ ಆಗಿನ ವಿದ್ಯುತ್ ಮಂತ್ರಿ ಆರ್.ಕೆ. ಸಿಂಗ್ ಮಾತ್ರ ಅದು ಮನುಷ್ಯರ ತಪ್ಪಿನಿಂದ ಆದದ್ದು, ದಾಳಿಯಿಂದ ಕರೆಂಟ್ ಹೋಯಿತೆನ್ನಲು ಪುರಾವೆ ಇಲ್ಲ ಎಂದರು. ನನ್ನ ಮಟ್ಟಿಗೆ ಲೈನುಗಳು ಒಂದರ ಹಿಂದೊಂದು ಹೋದ ಕ್ರಮವೇ ಅಂದಿನ ಕತ್ತಲೆಗೆ ಸಾಕಷ್ಟು ಉತ್ತರ ಕೊಡುತ್ತದೆ.

ಎಲ್ಲಾ ತಂತಿನೂ ನೆಲದೊಳಗೆ ಹಾಕಿಬಿಟ್ರೆ ಮುಗೀತಲ್ವಾ?

ಗಾಳಿಗೆ ಮುಗಿಯುತ್ತದೆ, ನೀರಿಗೆ ಮುಗಿಯುವುದಿಲ್ಲ. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣವನ್ನು ನೆಲಸಮ ಮಾಡಿದಂತಾದ ಮೇಲೆ ಆ ಊರಿನ ದೊಡ್ಡ ಭಾಗಕ್ಕೆ ವಿಶ್ವಬ್ಯಾಂಕ್ ನೆರವಿನಿಂದ ನೆಲದೊಳಗಿನ ಕೇಬಲ್ ಹಾಕಿದರು. ಗಾಳಿ ಬೀಸುವ ಕರಾವಳಿ ಊರಿಗೆ ಅದು ಸರಿ.

ಆದರೆ ಖರ್ಚು ಮೇಲಿನ ಲೈನಿನ ಹಲವು ಪಟ್ಟು. ಕೇಬಲ್‌ನ ಜಾಯಿಂಟಿಗೆ ನೀರು ಸೇರಿದರೆ ಎಲ್ಲಿ ಕೆಟ್ಟಿದೆ ಎಂದು ಹುಡುಕಲೇ ಗಂಟೆಗಟ್ಟಲೆ ಬೇಕು. ಮೇಲಿನ ತಂತಿ ಕಡಿದರೆ ಕಣ್ಣಿಗೆ ಕಾಣುತ್ತದೆ. ಪುಣೆ, ಪಿಂಪ್ರಿ-ಚಿಂಚ್ವಾಡ್‌ನಲ್ಲಿ ರಸ್ತೆ ಅಗೆಯುವ ಜೆಸಿಬಿ ಕೇಬಲ್ ಕಡಿಯುವುದು ಅಲ್ಲಿನವರಿಗೆಲ್ಲ ಗೊತ್ತಿರುವ ಗೋಳು. ಮುಂಬೈಯಲ್ಲಿ ಕೇಬಲ್ ಒಳಗಿದ್ದರೂ ಟ್ರಾನ್ಸ್‌ಫಾರ್ಮರ್, ಸ್ವಿಚ್‌ಗೇರ್ (ಲೈನು ಹಾಕುವ, ತೆಗೆಯುವ ದೊಡ್ಡ ಸ್ವಿಚ್ಚುಗಳ ಪೆಟ್ಟಿಗೆ) ನೆಲದ ಮಟ್ಟದಲ್ಲೇ ಇವೆ. ನೀರು ನಿಲ್ಲುವ ಹಿಂದ್‌ಮಾತಾ, ಕುರ್ಲಾ, ಮಿಲನ್ ಸಬ್‌ವೇ ಕಡೆ ಅವುಗಳನ್ನು ಕಟ್ಟೆ ಕಟ್ಟಿ ಮೇಲೆತ್ತುವುದು ಕೇಬಲ್ ಹಾಕುವುದಕ್ಕಿಂತ ಎಷ್ಟೋ ಅಗ್ಗ. ನನ್ನನ್ನು ಕೇಳಿದರೆ ಮೊದಲ ರೂಪಾಯಿ ಅಲ್ಲಿಗೆ ಹೋಗಬೇಕು.

ಗೋವಾದಲ್ಲಿ ಸಣ್ಣ ಗಾಳಿಗೂ ಲೈಟ್ ಹೋಗುತ್ತೆ. ಕರೆಂಟ್ ಕರ್ನಾಟಕದಿಂದ ಬರುತ್ತೆ ಅಂತಾರೆ, ಹೌದಾ?

ಒಂದು ಪಾಲು ಹೌದು. ಗೋವಾಕ್ಕೆ ಸ್ವಂತದ ದೊಡ್ಡ ಸ್ಥಾವರ ಇಲ್ಲ. ಮಹಾರಾಷ್ಟ್ರದ ಕಡೆಯಿಂದ ಮಾಪುಸಾಕ್ಕೆ 400 ಕಿಲೋವೋಲ್ಟ್ ಲೈನು ಬರುತ್ತದೆ. ನಮ್ಮ ದಾಂಡೇಲಿ ಬಳಿಯ ಅಂಬೇವಾಡಿಯಿಂದ ಪೋಂಡಾಕ್ಕೆ 220 ಕಿಲೋವೋಲ್ಟ್ ಲೈನು ಹೋಗುತ್ತದೆ. ಧಾರವಾಡದ ನರೇಂದ್ರದಿಂದ ಹೊಸ 400 ಕಿಲೋವೋಲ್ಟ್ ಲೈನು ಎಳೆಯುವ ಯೋಜನೆ ಕಾಡಿನ ಕಾರಣಕ್ಕೆ ದೊಡ್ಡ ವಿವಾದವಾಯಿತು. ಆ ದಾರಿಯಲ್ಲಿರುವ ಮೊಲ್ಲೆಮ್ ಕಾಡು ಉಳಿಸಿ ಎಂದು ಗೋವಾದ ಯುವಕರು ಬೀದಿಗಿಳಿದರು. ಹಳೆಯ 220 ಕಿಲೋವೋಲ್ಟ್ ಲೈನಿನ ಜಾಡನ್ನೇ ಬಳಸಿ ಎಂದು ಸುಪ್ರೀಂ ಕೋರ್ಟಿನ ಸಮಿತಿ 2021ರಲ್ಲಿ ಹೇಳಿತು. ನನಗೂ ಅದೇ ಸರಿಯಾದ ದಾರಿ ಅನ್ನಿಸುತ್ತದೆ. ಕಾಡೂ ಉಳಿಯಬೇಕು, ಎರಡನೇ ದಾರಿಯೂ ಬೇಕು.

ಆದರೆ ನಿಮ್ಮ ಬೀದಿಯಲ್ಲಿ ಸಣ್ಣ ಗಾಳಿಗೆ ಹೋಗುವುದಕ್ಕೆ ಈ ದೊಡ್ಡ ಲೈನು ಕಾರಣವಲ್ಲ. ತೆಂಗು, ಹಲಸಿನ ಕೊಂಬೆಗಳ ನಡುವೆ ಹಾದುಹೋಗುವ 11 ಕಿಲೋವೋಲ್ಟ್ ತಂತಿ ಕಾರಣ. 2021ರ ಮೇ 16ರಂದು ತೌಕ್ತೆ ಚಂಡಮಾರುತ ಗೋವಾದ ದಡಕ್ಕೆ ಬಡಿಯದೆ ಸಮುದ್ರದಲ್ಲೇ ಹಾದುಹೋಯಿತು. ಆದರೂ ಮರ ಬಿದ್ದು ಗೋವಾದ ಎಷ್ಟೋ ಊರುಗಳು ದಿನಗಟ್ಟಲೆ ಕತ್ತಲಲ್ಲಿದ್ದವು. ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರು. ಅದಕ್ಕೆ ಮುಂಚಿನ ಕೊನೆಯ ದುಡಿಮೆಯ ದಿನಗಳವು. ಐಸ್ ಪ್ಲಾಂಟಿಗೆ ಕರೆಂಟ್ ಇಲ್ಲದಿದ್ದರೆ ಹಿಡಿದ ಮೀನನ್ನು ಇಡುವುದೆಲ್ಲಿ?

ನಮ್ಮ ಟೆರೇಸ್ ಮೇಲೆ ಸೋಲಾರ್ ಇದೆ. ಕರೆಂಟ್ ಹೋದ್ರೆ ನಮಗೂ ಹೋಗುತ್ತೆ. ಮೋಸ ಆಯ್ತಾ?

ಮೋಸ ಅಲ್ಲ. ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಇಲ್ಲದಾಗ ತಾನೇ ನಿಲ್ಲಬೇಕು, ಅದು ನಿಯಮ. ಇಲ್ಲದಿದ್ದರೆ ನಿಮ್ಮ ಪ್ಯಾನಲ್ಲಿನ ಕರೆಂಟ್ ಬೀದಿಯ ತಂತಿಗೆ ಹೋಗಿ, ರಿಪೇರಿಗೆ ಕಂಬ ಹತ್ತಿದ ಲೈನ್‌ಮನ್ ಪ್ರಾಣ ತೆಗೆಯಬಹುದು. ಕತ್ತಲಲ್ಲೂ ಸೋಲಾರ್ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ (ಗ್ರಿಡ್ ಇಲ್ಲದಾಗಲೂ ಮನೆಯೊಳಗೆ ಮಾತ್ರ ಕರೆಂಟ್ ಕೊಡುವಂಥದ್ದು) ಮತ್ತು ಬ್ಯಾಟರಿ ಬೇಕು. ಸೊಸೈಟಿಗಳು ಕನಿಷ್ಠ ನೀರಿನ ಪಂಪು, ಒಂದು ಲಿಫ್ಟ್, ಮೆಟ್ಟಿಲ ದೀಪ ಇಷ್ಟಕ್ಕಾದರೂ ಬ್ಯಾಟರಿ ಇಡುವುದು ಒಳ್ಳೆಯದು. ನೆಲಮಹಡಿಯಲ್ಲಂತೂ ಇಡಬೇಡಿ.

## ನಷ್ಟದ ಲೆಕ್ಕ

ಹೋಟೆಲಿಗೆ ಒಂದು ದಿನ ಕರೆಂಟ್ ಇಲ್ಲದಿದ್ರೆ ನಷ್ಟ ಎಷ್ಟು ಅಂತ ಹೇಗೆ ಲೆಕ್ಕ ಹಾಕೋದು?

ಡೀಸೆಲ್ ಖರ್ಚು ಮಾತ್ರ ಬರೆದಿಡುವವರೇ ಜಾಸ್ತಿ. ಅದು ಲೆಕ್ಕದ ಒಂದು ಸಾಲು ಅಷ್ಟೇ.

ಸಣ್ಣ ಜನರೇಟರ್ ಒಂದು ಲೀಟರ್ ಡೀಸೆಲ್‌ಗೆ ಮೂರು, ಮೂರೂವರೆ ಯೂನಿಟ್ ಕೊಡುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೆ ಯೂನಿಟ್‌ಗೆ 25ರಿಂದ 30 ರೂಪಾಯಿ. ಗ್ರಿಡ್ ಕರೆಂಟಿನ ಎರಡು ಪಟ್ಟು. ಇದು ಕಣ್ಣಿಗೆ ಕಾಣುವ ಖರ್ಚು. ಇನ್ನು ಕಾಣದ್ದು: ಗ್ರೈಂಡರ್ ಓಡದೆ ನಾಳೆಯ ಇಡ್ಲಿ ಹಿಟ್ಟು ಇವತ್ತು ತಯಾರಾಗಲಿಲ್ಲ, ಹಾಗಾಗಿ ನಷ್ಟ ನಾಳೆಗೂ ಬಂತು. ಮುಚ್ಚಿಟ್ಟ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿಯುತ್ತದೆ, ಆಮೇಲೆ ಹಾಲು, ಚಟ್ನಿ, ರುಬ್ಬಿದ ಹಿಟ್ಟು ಹುಳಿ ಬಂದು ಚೆಲ್ಲಬೇಕು. ಟವರ್ ಬ್ಯಾಟರಿ ಮುಗಿದರೆ ಯುಪಿಐ ನಿಂತು ಗಿರಾಕಿ ವಾಪಸ್ ಹೋಗುತ್ತಾನೆ. ಕೆಲಸದವರಿಗೆ ಸಂಬಳ ಮಾತ್ರ ಕೊಡಲೇಬೇಕು. ಕರೆಂಟ್ ಮರಳಿ ಬರುವಾಗ ವೋಲ್ಟೇಜ್ ಏರಿಳಿದು ಕಂಪ್ರೆಸರ್ ಸುಟ್ಟರೆ ಅದು ಇನ್ನೊಂದು ಖರ್ಚು.

ಹೋದ ವ್ಯಾಪಾರವನ್ನೆಲ್ಲ ನಷ್ಟ ಎಂದು ಬರೆಯಬೇಡಿ. ವ್ಯಾಪಾರವಾಗದಿದ್ದಾಗ ತರಕಾರಿ, ಗ್ಯಾಸ್ ಉಳಿಯುತ್ತದೆ. ಅದನ್ನು ಕಳೆದು ಉಳಿದದ್ದೇ ನಿಜವಾದ ನಷ್ಟ. ದಿನಾಂಕ, ಹೋದ ಹೊತ್ತು, ಬಂದ ಹೊತ್ತು, ಚೆಲ್ಲಿದ ಸರಕಿನ ಫೋಟೋ ಇಟ್ಟುಕೊಳ್ಳಿ.

ಒಂದು ಯೂನಿಟ್ ಕರೆಂಟ್ ಬರದಿದ್ರೆ ದೇಶಕ್ಕೆ ಹತ್ತು ರೂಪಾಯಿ ನಷ್ಟ, ಅಷ್ಟೇ ತಾನೆ?

ಅಲ್ಲ. ಬಿಲ್ಲಿನ ದರ ಕಂಪನಿಗೆ ಬರಬೇಕಾದ ದುಡ್ಡು. ಆ ಯೂನಿಟ್‌ನಿಂದ ನಡೆಯುವ ಕೆಲಸದ ಬೆಲೆಯೇ ಬೇರೆ.

ಒರಟು ಲೆಕ್ಕ ನೋಡಿ. 2023-24ರಲ್ಲಿ ದೇಶದ ಒಟ್ಟು ಉತ್ಪನ್ನ ಸುಮಾರು 300 ಲಕ್ಷ ಕೋಟಿ ರೂಪಾಯಿ. ಅದೇ ವರ್ಷ ಗ್ರಿಡ್‌ನಿಂದ ಪೂರೈಸಿದ ಕರೆಂಟ್ 1.6 ಲಕ್ಷ ಕೋಟಿ ಯೂನಿಟ್ ಆಸುಪಾಸು. ಭಾಗಿಸಿದರೆ ಯೂನಿಟ್‌ಗೆ ಹೆಚ್ಚುಕಮ್ಮಿ 185 ರೂಪಾಯಿ. ಬಿಲ್ಲಿನ ದರದ ಹದಿನೈದು, ಇಪ್ಪತ್ತು ಪಟ್ಟು. ಕರೆಂಟ್ ಹೋದ ತಕ್ಷಣ ಎಲ್ಲ ಕೆಲಸ ನಿಲ್ಲುವುದಿಲ್ಲ, ಕೆಲವು ಕೆಲಸ ಮರುದಿನ ಸರಿದೂಗುತ್ತದೆ. ಹಾಗಾಗಿ ಇದನ್ನು ಪಕ್ಕಾ ಅಂಕಿ ಎಂದು ಹಿಡಿಯಬೇಡಿ, ಅಂದಾಜಿಗೆ ಸಾಕು.

ಸಮಯವೂ ಮುಖ್ಯ. ಮೊದಲ ಗಂಟೆಯ ನಷ್ಟ ಒಂದು ಬಗೆ, ಹತ್ತನೇ ಗಂಟೆಯದು ಇನ್ನೊಂದು. ಟ್ಯಾಂಕ್ ಖಾಲಿ, ಮೊಬೈಲ್ ಖಾಲಿ, ಡೀಸೆಲ್ ಖಾಲಿ ಆಗುವುದು ಒಟ್ಟಿಗೇ. ಆದ್ದರಿಂದ ಹತ್ತು ಸಲ ಒಂದೊಂದು ಗಂಟೆ ಹೋಗುವುದಕ್ಕಿಂತ ಒಂದೇ ಸಲ ಮೂರು ದಿನ ಹೋಗುವುದನ್ನು ತಡೆಯುವುದು ಬೇರೆಯೇ ಕೆಲಸ. ನಮ್ಮ ಅಂಕಿಅಂಶಗಳು ಎರಡನ್ನೂ ಸೇರಿಸಿ ಸರಾಸರಿ ತೆಗೆಯುತ್ತವೆ. ಸರಾಸರಿಯಲ್ಲಿ ಶ್ರೀವರ್ಧನದ ಕತ್ತಲೆ ಕಾಣುವುದಿಲ್ಲ.

ಪರಿಹಾರ ಕೇಳಬಹುದಾ? ಇನ್ಶೂರೆನ್ಸ್ ಬರುತ್ತಾ?

ಸಾಮಾನ್ಯ ದಿನಗಳಲ್ಲಿ ನಿಗದಿತ ಸಮಯಕ್ಕಿಂತ ಜಾಸ್ತಿ ಹೊತ್ತು ಕರೆಂಟ್ ಇಲ್ಲದಿದ್ದರೆ ಪರಿಹಾರ ಕೇಳುವ ಹಕ್ಕು ಇದೆ. ಕೇಂದ್ರದ 2020ರ ಗ್ರಾಹಕ ಹಕ್ಕುಗಳ ನಿಯಮ, ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗದ 2021ರ ನಿಯಮ ಎರಡರಲ್ಲೂ ಇದೆ. ಆದರೆ ನೆರೆ, ಚಂಡಮಾರುತ, ಸಿಡಿಲಿನಂಥ ಕಾರಣಕ್ಕೆ ಆಯೋಗದ ನಿಯಮದಲ್ಲಿ ವಿನಾಯಿತಿ ಕೊಟ್ಟಿದ್ದಾರೆ. ಕಂಪನಿ ಒಪ್ಪದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆ, ಆಮೇಲೆ ವಿದ್ಯುತ್ ಓಂಬುಡ್ಸ್‌ಮನ್. ಗೋವಾದವರು ಹೋಗಬೇಕಾದದ್ದು ಗೋವಾ ಮತ್ತು ಕೇಂದ್ರಾಡಳಿತ ಪ್ರದೇಶಗಳ ಜಂಟಿ ಆಯೋಗದ ವ್ಯವಸ್ಥೆಗೆ.

ಮಾಮೂಲಿ ಬೆಂಕಿ ವಿಮೆಯಲ್ಲಿ ಹೊರಗಿನ ಲೈನು ಹೋಗಿ ಆದ ನಷ್ಟ ಸಾಮಾನ್ಯವಾಗಿ ಸೇರುವುದಿಲ್ಲ. ಕೋಲ್ಡ್ ಸ್ಟೋರೇಜ್ ಸರಕು ಕೆಡುವುದಕ್ಕೆ ಬೇರೆ ಪಾಲಿಸಿ ಇದೆ. ಲಾಭನಷ್ಟದ ಪಾಲಿಸಿಗೆ ವಿದ್ಯುತ್ ಪೂರೈಕೆ ನಿಂತದ್ದನ್ನೂ ಸೇರಿಸಿಕೊಳ್ಳಬಹುದು. ಏಜೆಂಟನ್ನು ನೇರ ಕೇಳಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಶ್ರೀಮಂತರಿಗೂ ಬಡವರಿಗೂ ಕತ್ತಲೆ ಒಂದೇ ಅಲ್ವಾ?

ಒಂದೇ ಅಲ್ಲ. ಟವರಿನ ಇಪ್ಪತ್ತನೇ ಮಹಡಿಯಲ್ಲಿ ಜನರೇಟರ್ ನಿಮಿಷದೊಳಗೆ ಹತ್ತುತ್ತದೆ. ಧಾರಾವಿಯಲ್ಲಿ ಹೊಲಿಗೆ ಯಂತ್ರದ ಮೇಲೆ ಪೀಸಿಗಿಷ್ಟು ಎಂದು ದುಡಿಯುವವರಿಗೆ ಆ ದಿನದ ಕೂಲಿಯೇ ಇಲ್ಲ. ಅವರ ನಷ್ಟ ಯಾವ ಕಂಪನಿಯ ಲೆಕ್ಕದಲ್ಲೂ ಬರುವುದಿಲ್ಲ. ಮನೆಯಲ್ಲಿ ಆಕ್ಸಿಜನ್ ಯಂತ್ರದ ಮೇಲಿರುವ ರೋಗಿಗೆ, ಇನ್ಸುಲಿನ್ ತಂಪಾಗಿಡಬೇಕಾದವರಿಗೆ ಅದು ಜೀವದ ಪ್ರಶ್ನೆ. 2017ರಲ್ಲಿ ಮರಿಯಾ ಚಂಡಮಾರುತದ ನಂತರ ಪೋರ್ಟೊರಿಕೊ ದ್ವೀಪದಲ್ಲಿ ಎಲ್ಲರಿಗೂ ಕರೆಂಟ್ ಬರಲು ಸುಮಾರು 11 ತಿಂಗಳು ಹಿಡಿಯಿತು. ಮೊದಲು 64 ಸಾವು ಎಂದಿದ್ದ ಸರ್ಕಾರ, ವಿಶ್ವವಿದ್ಯಾಲಯದ ಅಧ್ಯಯನದ ನಂತರ 2,975 ಎಂದು ಒಪ್ಪಿಕೊಂಡಿತು. ಗಾಳಿ ನಿಂತ ಮೇಲೆ, ತಿಂಗಳುಗಳ ತನಕ ಆದ ಸಾವುಗಳೂ ಅದರಲ್ಲಿದ್ದವು.

## ಇನ್ನೂ ಆಳಕ್ಕೆ

ನಮ್ಮ ಕರಾವಳಿಗೆ ಚಂಡಮಾರುತ ಬರೋದೇ ಅಪರೂಪ. ಸುಮ್ನೆ ಗಟ್ಟಿ ಕಂಬಕ್ಕೆ ಯಾಕೆ ದುಡ್ಡು?

ಇದೇ ನಂಬಿಕೆ ನಮ್ಮ ನಿಯಮಗಳಲ್ಲೂ ಕೂತಿದೆ. ರಚನೆಗಳಿಗೆ ಗಾಳಿಯ ಒತ್ತಡ ಲೆಕ್ಕ ಹಾಕಲು ಎಂಜಿನಿಯರುಗಳು ಬಳಸುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗ 2015ರಲ್ಲಿ ಪರಿಷ್ಕಾರವಾಯಿತು. ಚಂಡಮಾರುತಕ್ಕೆಂದು ಹೆಚ್ಚುವರಿ ಬಲದ ಲೆಕ್ಕ ಅದರಲ್ಲಿದೆ. ಮುಖ್ಯ ರಚನೆಗಳಿಗೆ ಗಾಳಿಯ ವೇಗವನ್ನು 1.3ರಿಂದ ಗುಣಿಸಬೇಕು. ಆದರೆ ಅದು ಹೆಸರಿಸಿದ್ದು ಪೂರ್ವ ಕರಾವಳಿ ಮತ್ತು ಗುಜರಾತಿನ 60 ಕಿಲೋಮೀಟರ್ ಪಟ್ಟಿಯನ್ನು. ಕೊಂಕಣ, ಗೋವಾ, ನಮ್ಮ ಕಾರವಾರ, ಮಂಗಳೂರು ಅದರಲ್ಲಿ ಇಲ್ಲ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ 1.3 ಪಟ್ಟು ವೇಗ ಎಂದರೆ ಸುಮಾರು 1.7 ಪಟ್ಟು ಒತ್ತಡ. ಅಷ್ಟು ಬಲದ ವ್ಯತ್ಯಾಸ ಒಂದು ಸಾಲಿನ ಮೇಲೆ ನಿಂತಿದೆ.

2020ರಲ್ಲಿ ನಿಸರ್ಗ, 2021ರಲ್ಲಿ ತೌಕ್ತೆ, ಎರಡೂ ಹನ್ನೆರಡು ತಿಂಗಳೊಳಗೆ. ತೌಕ್ತೆಯ ದಿನ ಕೊಲಾಬಾದಲ್ಲಿ ಗಾಳಿ ಗಂಟೆಗೆ 114 ಕಿಲೋಮೀಟರ್ ಮುಟ್ಟಿತು. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. ಅಪರೂಪ ಎಂಬ ಮಾತನ್ನು ಇನ್ನು ಬಿಡಬೇಕು.

ಗಟ್ಟಿ ಮಾಡಿದ್ರೆ ಕೊನೆಗೆ ನಮ್ಮ ಬಿಲ್ಲೇ ತಾನೆ ಏರೋದು?

ಸ್ವಲ್ಪ ಏರುತ್ತದೆ, ಮುಚ್ಚಿಡುವಂಥದ್ದೇನಿಲ್ಲ. ಆದರೆ ಎಷ್ಟು ಎಂದು ನೋಡಿ. ವಿಶ್ವಬ್ಯಾಂಕಿನ 2019ರ ಅಧ್ಯಯನದ ಪ್ರಕಾರ ಹೊಸ ಮೂಲಸೌಕರ್ಯವನ್ನು ವಿಕೋಪ ತಡೆಯುವಂತೆ ಕಟ್ಟಲು ಹೆಚ್ಚುವರಿ ಖರ್ಚು ಸರಾಸರಿ ಶೇ. 3ರಷ್ಟು. ಹಾಕಿದ ಒಂದು ಡಾಲರಿಗೆ ನಾಲ್ಕು ಡಾಲರ್ ಲಾಭ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಕರೆಂಟ್, ನೀರು, ಸಾರಿಗೆ ಕೈಕೊಡುವುದರಿಂದ ಜನರಿಗೆ, ಉದ್ಯಮಕ್ಕೆ ಆಗುವ ನಷ್ಟ ವರ್ಷಕ್ಕೆ ಕನಿಷ್ಠ 39,000 ಕೋಟಿ ಡಾಲರ್. ಹಳೆಯದನ್ನು ಒಡೆದು ಕಟ್ಟುವುದು ದುಬಾರಿ. ಹೊಸದಾಗಿ ಹಾಕುವಾಗಲೇ ಗಟ್ಟಿಯಾಗಿ ಹಾಕುವುದು ಅಗ್ಗ.

ತೊಡಕು ಇರುವುದು ಲೆಕ್ಕದ ಪುಸ್ತಕದಲ್ಲಿ. ಗಟ್ಟಿ ಕಂಬದ ಖರ್ಚು ಕಂಪನಿಯ ಪುಸ್ತಕದಲ್ಲಿ ಕಾಣುತ್ತದೆ. ಕರೆಂಟ್ ಇಲ್ಲದ ದಿನದ ನಷ್ಟ ಹೋಟೆಲಿನವರ, ದರ್ಜಿಯ, ಮೀನುಗಾರರ ಜೇಬಿನಲ್ಲಿ ಕರಗಿಹೋಗುತ್ತದೆ. ಅದು ಯಾವ ಪುಸ್ತಕಕ್ಕೂ ಬರುವುದಿಲ್ಲ. ಬಾರದ ತನಕ ಖರ್ಚೇ ದೊಡ್ಡದಾಗಿ ಕಾಣುತ್ತದೆ.

ಅದನ್ನು ಪುಸ್ತಕಕ್ಕೆ ತರುವ ದಾರಿ ಇದೆ. ದರ ಪರಿಷ್ಕರಣೆಗೆ ಮುಂಚೆ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕರ ಆಕ್ಷೇಪಣೆ ಕೇಳುತ್ತದೆ, ವಿಚಾರಣೆ ನಡೆಸುತ್ತದೆ. ಅಲ್ಲಿಗೆ ದೊಡ್ಡ ಉದ್ಯಮದವರು, ಗ್ರಾಹಕ ಸಂಘಟನೆಯವರು ಹೋಗುತ್ತಾರೆ. ನಮ್ಮ ಹೋಟೆಲ್ ಮಾಲೀಕರ ಸಂಘಗಳು, ಕನ್ನಡ ಸಂಘಗಳು ಕೂಡ ಮೇಲೆ ಹೇಳಿದ ರೀತಿ ಬರೆದಿಟ್ಟ ನಷ್ಟದ ಪಟ್ಟಿ ಹಿಡಿದು ಹೋಗಬಹುದು. ಕೇಳಬೇಕಾದದ್ದು ಇಷ್ಟು: ನೀರು ನಿಲ್ಲುವ ಜಾಗದ ಎಷ್ಟು ಸಬ್‌ಸ್ಟೇಷನ್ ಮೇಲೆತ್ತಿದ್ದೀರಿ, ಎಷ್ಟು ಬಾಕಿ, ಯಾವ ವರ್ಷಕ್ಕೆ ಮುಗಿಯುತ್ತದೆ. ವಿಕೋಪದ ದಿನಗಳ ಕತ್ತಲೆಯನ್ನು ಸರಾಸರಿಯಿಂದ ಬೇರೆ ಮಾಡಿ, ಫೀಡರ್‌ವಾರು ತೋರಿಸಿ. ಐಲ್ಯಾಂಡಿಂಗ್ ಪರೀಕ್ಷೆ ಕೊನೆಯ ಸಲ ಯಾವಾಗ ಮಾಡಿದಿರಿ, ಏನಾಯಿತು. ಅರ್ಜಿಯನ್ನು ಮರಾಠಿ ಅಥವಾ ಇಂಗ್ಲಿಷಿನಲ್ಲಿ ಕೊಡಬೇಕು. ಕೊನೆಯ ದಿನಾಂಕ ಪತ್ರಿಕೆ ಜಾಹೀರಾತಿನಲ್ಲಿ, ಆಯೋಗದ ವೆಬ್‌ಸೈಟಿನಲ್ಲಿ ಇರುತ್ತದೆ.